ನೀರೂ ಸ್ಥಳಿಕ ಸ್ವರಾಜ್ಯವೂ

ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮವು ಹುನಗುಂದ ತಾಲೂಕಿನಲ್ಲಿಯೇ ಇರುತ್ತದೆ. ಇಷ್ಟಿದ್ದೂ ಬೇಸಗೆ ಬಂತೆಂದರೆ ಈ ಸೀಮೆಯಲ್ಲಿ ನಳದ ಮುಂದೆ ಕೊಡಗಳ ಸಾಲು ತಪ್ಪದಿರುವುದು ನಮಗೆ ಭೂಷಣವೇ?

1956ರಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದವು. ಪಟ್ಟಣಗಳಿಗೆ ನೀರು ತರುವ ಕೆಲಸಕ್ಕೆಂದು 1975ರಲ್ಲಿ ರಾಜ್ಯದ ಮಂಡಲಿಯೊಂದು ಹುಟ್ಟಿತು. 1992ರಲ್ಲಿ ರಾಜ್ಯಘಟನೆಗೆ ಆದ 74ನೆಯ ತಿದ್ದುಪಡಿಯು ನೀರಿನ ಪೂರೈಕೆಯನ್ನು ಪುರಸಭೆಗಳಿಗೆ ವಹಿಸತಕ್ಕ ಕಾರ್ಯಗಳಲ್ಲಿ ಎಣಿಸಿತು. ಅಂದ ಮೇಲೆ ಕೊಳವೆಯನ್ನು ನೋಡಿಕೊಳ್ಳುವ ಭಾರವು ಪುರಸಭೆಯದು. ಪುರಸಭೆಯನ್ನು ಎಚ್ಚರಿಸುವ ಭಾರವು ನಮ್ಮದು.

ಅಮೇರಿಕೆಯ ವಾಷಿಂಗ್ಟನ್ ಸಂಸ್ಥಾನದಲ್ಲಿ 1930ರಲ್ಲಿ ಮತದಾರರೇ ಒಪ್ಪಿದ ಕಾಯಿದೆಯ ಮೇರೆಗೆ, ಜನರು ಆರಿಸಿದ ಕಮಿಶನರರು ನೀರಿನ ಹಾಗೂ ವಿದ್ಯುತ್ತಿನ ವ್ಯವಸ್ಥೆಯನ್ನು ನಡೆಯಿಸುತ್ತಾರೆ. ಅವರ ಸಭೆಗೆ ಯಾರೂ ಹೋಗಿ ಕೂಡಬಹುದು, ಲೆಕ್ಕವನ್ನು ಕೇಳಬಹುದು. ಆ ಗುಣವು ನಮಗೆ ಬರಬೇಕು.

ನೀರಪಟ್ಟಿಯನ್ನು ಬಾಕಿ ಇಟ್ಟು ದೂರುವುದು ಸಲ್ಲದು. ಪಟ್ಟಿ ತೆತ್ತು ಸುಮ್ಮನೆ ಕೂಡುವುದೂ ಸಲ್ಲದು. ಶಿಕ್ಷಕ ಮಹಾಶಯರೇ, ಗೃಹಸ್ಥರೇ! ಯಾವ ಓಣಿಗೆ ಎಷ್ಟು ನೀರು ಬಂತು, ಎಷ್ಟು ಸೋರಿ ಹೋಯಿತು, ಪಟ್ಟಿಯ ಹಣವು ಎಲ್ಲಿ ವೆಚ್ಚವಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಊರ ಮುಂದೆ ಓದಿಸಿರಿ. ಕೇಳಲಾರದ ಊರಿಗೆ ಸ್ವರಾಜ್ಯವು ಬಂದೂ ಬಾರದಂತೆಯೇ ಸರಿ.