ಮೀಟರ್ ಮುಳ್ಳಿನ ಮೋಹ

ಎಲೆಕ್ಟ್ರಾನಿಕ್ಸ್ ಓದುವ ನಮ್ಮಲ್ಲಿ ಬಹುತೇಕರಿಗೆ ಸ್ಮಿತ್ ಚಾರ್ಟ್ ಎಂದರೆ ಪರೀಕ್ಷೆಯಲ್ಲಿ ಬರುವ ಒಂದು ಪ್ರಶ್ನೆ. ಕಂಪಾಸ್ ಹಿಡಿದು ವೃತ್ತ ಎಳೆದು ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಫಿಲಿಪ್ ಸ್ಮಿತ್ 1939ರಲ್ಲಿ ಅದನ್ನು ಪ್ರಕಟಿಸಿದ್ದು ನಿಜವಾದ ಕೇಬಲ್, ಆಂಟೆನಾಗಳ ಲೆಕ್ಕ ಸುಲಭವಾಗಲಿ ಎಂದು. ನಾವು ಚಾರ್ಟ್ ಇಟ್ಟುಕೊಂಡು ತಂತಿಯನ್ನು ಬಿಟ್ಟಿದ್ದೇವೆ. ಹ್ಯಾಮ್ ರೇಡಿಯೊ ಕಲಿಯಿರಿ ಎಂದು ಗೆಳೆಯರಿಗೆ ನಾನು ಹೇಳುವುದು ಇದಕ್ಕೇ.

ಹವ್ಯಾಸಿಗಳ 40 ಮೀಟರ್ ಬ್ಯಾಂಡ್‌ಗೆ ಒಂದು ಡೈಪೋಲ್ ಕಟ್ಟಿ ನೋಡಿ. 143ನ್ನು 7.1 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸುಮಾರು 20 ಮೀಟರ್ ತಂತಿ. ನಡುವೆ ಕತ್ತರಿಸಿ ಅಲ್ಲಿಗೆ ಕೇಬಲ್ ಸೇರಿಸಬೇಕು. ಪುಸ್ತಕದ ಪ್ರಕಾರ ಅದರ ಇಂಪೀಡೆನ್ಸ್ 73 ಓಮ್. ತಾರಸಿಗೆ ಬಂದರೆ ಎತ್ತರ, ಪಕ್ಕದ ಕಬ್ಬಿಣದ ಗ್ರಿಲ್ ಎಲ್ಲವೂ ಸೇರಿ ಬೇರೆಯೇ ಸಂಖ್ಯೆ ಕೊಡುತ್ತವೆ. ಕೇಬಲ್ 50 ಓಮ್. ಎರಡೂ ಹೊಂದದಿದ್ದರೆ ಶಕ್ತಿಯ ಒಂದು ಪಾಲು ಆಂಟೆನಾದಿಂದ ಹಿಂದಕ್ಕೆ ತಿರುಗುತ್ತದೆ. ಆ ಅನುಪಾತ ತೋರಿಸುವುದೇ ಎಸ್‌ಡಬ್ಲ್ಯುಆರ್ ಮೀಟರ್. ತಂತಿಯನ್ನು ಮೊದಲು ಕೊಂಚ ಉದ್ದವಾಗಿಯೇ ಬಿಟ್ಟು, ಎರಡೂ ತುದಿಯಲ್ಲಿ ಸಮನಾಗಿ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಅಳೆಯಬೇಕು. (ವಿದ್ಯುತ್ ಲೈನ್ ಹತ್ತಿರ ಬೇಡವೇ ಬೇಡ.)

ಹೊಸಬರು ಎಡವುವುದು ಇಲ್ಲಿಯೇ. ಮುಳ್ಳು 1:1ಕ್ಕೆ ಬಂದರೆ ಗೆದ್ದಂತೆ ಎಂದುಕೊಳ್ಳುತ್ತಾರೆ. 50 ಓಮ್‌ನ ಡಮ್ಮಿ ಲೋಡ್ ಸಿಕ್ಕಿಸಿದರೂ ಮೀಟರ್ 1:1 ತೋರಿಸುತ್ತದೆ, ಆದರೆ ಅದರಿಂದ ಸಿಗ್ನಲ್ ಪಕ್ಕದ ಬೀದಿಗೂ ಹೋಗುವುದಿಲ್ಲ; ಶಕ್ತಿಯೆಲ್ಲ ಬಿಸಿಯಾಗುತ್ತದೆ, ಅಷ್ಟೇ. ಹಳೆಯ, ಉದ್ದನೆಯ ಕೇಬಲ್ ಕೂಡ ಹಿಂತಿರುಗುವ ಶಕ್ತಿಯನ್ನು ದಾರಿಯಲ್ಲೇ ತಿಂದು ಮೀಟರ್‌ನಲ್ಲಿ ಒಳ್ಳೆಯ ಹೆಸರು ಪಡೆಯುತ್ತದೆ. ರೇಡಿಯೊ ಪಕ್ಕದಲ್ಲಿಟ್ಟ ಟ್ಯೂನರ್ ರೇಡಿಯೊವನ್ನು ಸಮಾಧಾನಪಡಿಸುತ್ತದೆಯೇ ಹೊರತು ಮೇಲಿನ ಕೇಬಲ್‌ನಲ್ಲಿರುವ ಅಸಮತೋಲನ ಹಾಗೆಯೇ ಇರುತ್ತದೆ. ಅದೇ 2:1 ಇದ್ದರೆ ಹಿಂತಿರುಗುವುದು ಶೇ 11ರಷ್ಟು ಮಾತ್ರ. ಅದಕ್ಕಾಗಿ ನಿದ್ದೆಗೆಡಬೇಕಿಲ್ಲ. ಅಂಕಪಟ್ಟಿಯ ಕಾಲದಲ್ಲಿ ಬೆಳೆದ ನಮಗೆ ಇದನ್ನು ಒಪ್ಪುವುದು ಕಷ್ಟ!

ಉಪಕರಣಕ್ಕೆ ದುಡ್ಡಿಲ್ಲ ಎಂಬ ಕಾಲೇಜುಗಳ ಮಾತನ್ನು ನಾನು ಒಪ್ಪುವುದಿಲ್ಲ. ಅಂಗೈಯಲ್ಲಿ ಹಿಡಿಯುವ ನ್ಯಾನೊವಿಎನ್‌ಎ ಸ್ಮಿತ್ ಚಾರ್ಟನ್ನೇ ಪರದೆಯ ಮೇಲೆ ಬಿಡಿಸುತ್ತದೆ. ತಂತಿ ಕತ್ತರಿಸಿದಂತೆ ಗೆರೆ ಸರಿಯುವುದು ಕಣ್ಣಿಗೆ ಕಾಣುತ್ತದೆ. ಒಂದೆರಡು ತಂದರೆ ಇಡೀ ತರಗತಿಗೆ ಸಾಕು. ರೇಡಿಯೊದಲ್ಲಿ ಮಾತಾಡಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದವರೂ ಅದನ್ನು ಬರೆಯಬಹುದು. ಬಿಇ ಕೊನೆಯ ವರ್ಷದಲ್ಲಿರುವ ನಾವು ಇನ್ನೂ ಯಾಕೆ ಬರೆದಿಲ್ಲ?