ತೆಗೆದ ಚಿತ್ರ, ಪಡೆದ ಚಿತ್ರ

ಮನುಷ್ಯನಿಗೆ ಹೊಟ್ಟೆಪಾಡಿಗೊಂದು ಕೆಲಸವಿದ್ದರೆ ಸಾಲದು. ಮನಸ್ಸಿನ ಪಾಡಿಗೂ ಒಂದು ಕೆಲಸ ಬೇಕು. ಅದನ್ನೇ ನಾವು ಹವ್ಯಾಸವೆನ್ನುತ್ತೇವೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ. ಕೆಲವರು ಗಿಡ ಬೆಳೆಸುತ್ತಾರೆ. ಇನ್ನು ಕೆಲವರು ಸಂಜೆಯಾದೊಡನೆ ಪಿಟೀಲನ್ನು ಕೈಗೆತ್ತಿಕೊಂಡು ನೆರೆಹೊರೆಯವರ ತಾಳ್ಮೆಯನ್ನು ಪರೀಕ್ಷಿಸುತ್ತಾರೆ. ಇವರೆಲ್ಲರ ಹವ್ಯಾಸವೂ ಅವರವರ ಮನೆಯ ಆವರಣದೊಳಗೆ ನಡೆಯುವಂಥದು. ಛಾಯಾಚಿತ್ರದ ಹವ್ಯಾಸ ಹಾಗಲ್ಲ. ಅದು ಮನುಷ್ಯನನ್ನು ಬೀದಿಗೆ ಎಳೆದು ತರುತ್ತದೆ. ಕ್ಯಾಮರಾವನ್ನು ಹೆಗಲಿಗೇರಿಸಿ ನಗರದಲ್ಲಿ ಅಲೆಯುವವನಿಗೆ ಬೇಕಾದುದೆಲ್ಲವೂ ಪರರದು: ಪರರ ಮುಖ, ಪರರ ಅಂಗಡಿ, ಪರರ ದುಡಿಮೆ. ಈ ಹವ್ಯಾಸದ ಸುಖವಿರುವುದು ಅಲ್ಲಿಯೇ. ಅದರ ಹೊಣೆಯಿರುವುದೂ ಅಲ್ಲಿಯೇ. ಸುಖವನ್ನು ಕುರಿತು ಹೇಳುವವರು ಬಹಳ ಮಂದಿ. ಹೊಣೆಯನ್ನು ಕುರಿತೂ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ವಾರಕ್ಕೆ ಎರಡು ದಿನವಾದರೂ ಬೆಳಗಿನ ಜಾವ ಎದ್ದು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯತ್ತ ಹೊರಡುವುದು ನನ್ನ ರೂಢಿ. ಊರು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತಿಗೆ ಅಲ್ಲಿ ಅರ್ಧ ವ್ಯಾಪಾರ ಮುಗಿದಿರುತ್ತದೆ. ಸೇವಂತಿಗೆ, ಚೆಂಡುಹೂವು, ಕನಕಾಂಬರ, ಸುಗಂಧರಾಜಗಳ ರಾಶಿ. ಬೆಲೆ ಕೂಗುವವರ ಗದ್ದಲ. ಮಹಡಿಯ ಮೇಲೆ ನಿಂತು ಕೆಳಗೆ ನೋಡಿದರೆ ಬಣ್ಣಗಳ ಜಾತ್ರೆಯೇ ನೆರೆದಂತೆ ಕಾಣುತ್ತದೆ. ಆದರೆ ಚಿತ್ರ ತೆಗೆಯುವವನ ಪಾಠವೆಲ್ಲ ಆಗುವುದು ಕೆಳಗೆ. ದೃಶ್ಯವನ್ನು ಚೌಕಟ್ಟಿಗೆ ಹೊಂದಿಸಿಕೊಂಡು ಉಸಿರು ಬಿಗಿಹಿಡಿದ ಕ್ಷಣದಲ್ಲಿಯೇ ಬೆನ್ನ ಹಿಂದಿನಿಂದ “ದಾರಿ, ದಾರಿ!” ಎಂಬ ಕೂಗು ಬರುತ್ತದೆ. ತಲೆಯ ಮೇಲೆ ಮೂಟೆ ಹೊತ್ತವನಿಗೆ ನಿಮ್ಮ ಕಲೆಗಾಗಿ ಕಾಯಲು ಬಿಡುವಿಲ್ಲ. ಪಕ್ಕಕ್ಕೆ ಸರಿದರೆ ಬಾಳೆಯೆಲೆಯ ಕಟ್ಟು. ಹಿಂದಕ್ಕೆ ಸರಿದರೆ ಹಸುವಿನ ಕೊಂಬು. ಎಲ್ಲವೂ ಸರಿಹೋಯಿತು ಎನ್ನುವಾಗ ಎದುರಿನ ಅಂಗಡಿಯವನು ತಲೆ ಬಾಚಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ನಗುವುದನ್ನೂ ಮರೆತು ಕಂಬದಂತೆ ನಿಂತುಬಿಡುತ್ತಾನೆ. ಒಂದು ಗಳಿಗೆಯ ಹಿಂದೆ ಅವನ ಮುಖದಲ್ಲಿದ್ದ ಬೆಳಗು ಆಗಲೇ ಮಾಯವಾಗಿರುತ್ತದೆ.

ಇಂಥ ಅಲೆದಾಟದಲ್ಲಿ ಹವ್ಯಾಸಿಯನ್ನು ಜನ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. “ಯಾವ ಪೇಪರಿನವರು ಸ್ವಾಮಿ?” ಎಂಬುದು ಮೊದಲನೆಯದು. ಪತ್ರಿಕೆಗೆ ಬಾರದ ಚಿತ್ರವನ್ನು ಯಾರಾದರೂ ಏಕೆ ತೆಗೆಯಬೇಕೆಂಬುದು ಅವರ ಸೋಜಿಗ. “ಇದರಿಂದ ನಿಮಗೇನು ಗಿಟ್ಟುತ್ತದೆ?” ಎಂಬುದು ಎರಡನೆಯದು. ಇದಕ್ಕೆ ಉತ್ತರ ಹೇಳುವುದು ಕಷ್ಟ. ಹೇಳಿದರೆ ಕೇಳಿದವರು ನಂಬುವುದು ಇನ್ನೂ ಕಷ್ಟ. ಮೂರನೆಯದು, “ನಮ್ಮ ಪಟ ನಮಗೆ ಯಾವಾಗ ಕೊಡುತ್ತೀರಿ?” ಎಂಬ ಪ್ರಶ್ನೆ. ಮೂರರಲ್ಲಿ ನ್ಯಾಯವಾದ ಪ್ರಶ್ನೆ ಇದೇ. “ನನ್ನಿಂದ ಏನನ್ನೋ ಒಯ್ಯುತ್ತಿದ್ದೀಯೆ, ನನಗೆ ಏನು ಕೊಡುವೆ?” ಎಂಬ ಲೆಕ್ಕ ಅದರಲ್ಲಿ ಅಡಗಿದೆ.

ಈ ಲೆಕ್ಕಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಈ ಹವ್ಯಾಸ ನಮಗೆ ಏನನ್ನು ಕಲಿಸುತ್ತದೆಂಬುದನ್ನು ನೋಡೋಣ. ‘ಛಾಯೆ’ ಎಂದರೆ ನೆರಳು. ನೆರಳನ್ನು ಬಲ್ಲವನಿಗಷ್ಟೇ ಛಾಯಾಚಿತ್ರ ಒಲಿಯುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಲಾಲ್‌ಬಾಗಿನ ಬಂಡೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಅದೇ ಬಂಡೆ ಚಪ್ಪಟೆಯಾಗಿ, ನಿರ್ಜೀವವಾಗಿ ತೋರುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಪ್ರತಿವರ್ಷ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯನು ಮಧ್ಯಾಹ್ನ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಆಗ ಕಂಬದ ಬುಡದಲ್ಲಿಯೇ ಅಡಗಿಬಿಡುತ್ತದೆ. ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಇವನ್ನೆಲ್ಲ ಪುಸ್ತಕದಲ್ಲಿ ಓದುವುದು ಒಂದು ಬಗೆ; ಬೆಳಕಿಗಾಗಿ ಕಾದು ನಿಂತು ಕಾಣುವುದು ಇನ್ನೊಂದು ಬಗೆ. ಕಾಯುವುದನ್ನು ಕಲಿತವನಿಗೆ ದಿನವೂ ನಡೆದಾಡುವ ಬೀದಿಯೇ ಹೊಸದಾಗಿ ಕಾಣತೊಡಗುತ್ತದೆ.

ಕಾಯುವಿಕೆಯ ಮಾತು ಬಂದಾಗಲೆಲ್ಲ ನಗರದ ಬೀದಿಯೊಂದರ ಬಹು ಹಳೆಯ ಛಾಯಾಚಿತ್ರ ನೆನಪಾಗುತ್ತದೆ. ಫ್ರಾನ್ಸ್ ದೇಶದ ಲೂಯಿ ದಾಗೇರ್ 1838ರಲ್ಲಿ ಪ್ಯಾರಿಸ್ ನಗರದ ಒಂದು ಹೆದ್ದಾರಿಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದನು. ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲೆ ಚಿತ್ರ ಮೂಡಲು ಆಗ ಹಲವು ನಿಮಿಷಗಳು ಬೇಕಾಗುತ್ತಿದ್ದುವು. ಆ ಹೊತ್ತಿನಲ್ಲಿ ಓಡಾಡುತ್ತಿದ್ದ ಜನರಾಗಲಿ ಗಾಡಿಗಳಾಗಲಿ ಫಲಕದ ಮೇಲೆ ಗುರುತು ಬಿಡಲಿಲ್ಲ. ಜನನಿಬಿಡವಾದ ಬೀದಿ ಚಿತ್ರದಲ್ಲಿ ಬರಿದಾಗಿ ಕಾಣುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಒಬ್ಬನು ಕಾಲು ಮುಂದಿಟ್ಟು ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ನಿಂತಿದ್ದನು. ಅಲುಗದೆ ನಿಂತುದರಿಂದ ಅವನು ಚಿತ್ರದಲ್ಲಿ ಉಳಿದನು. ಅವನ ಮುಂದೆ ಕುಳಿತು ಪಾಲಿಷ್ ಮಾಡುತ್ತಿದ್ದವನು ಮಸುಕಾಗಿ ಉಳಿದನು. ಮನುಷ್ಯಾಕೃತಿಯುಳ್ಳ, ಇಂದಿಗೆ ತಿಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಇದು ಮೊದಲನೆಯದೆಂದು ಎಣಿಸಲಾಗಿದೆ. ರಾಜರಾಗಲಿ ಸೇನಾಪತಿಗಳಾಗಲಿ ಪಡೆಯದ ಆ ಸ್ಥಾನ ಬೀದಿಯ ಒಬ್ಬ ದುಡಿಮೆಗಾರನಿಗೂ ಅವನ ಗಿರಾಕಿಗೂ ದೊರೆಯಿತು. ಆದರೆ ಅವರ ಹೆಸರು ಲೋಕಕ್ಕೆ ದೊರೆಯಲಿಲ್ಲ. ಬೀದಿಯ ಚಿತ್ರಕಲೆ ಹುಟ್ಟಿದಂದೇ ಅದರ ಸಾಲವೂ ಹುಟ್ಟಿತು ಎನ್ನಬಹುದು.

ಸಾಮಾನ್ಯರ ಬಾಳು ಚಿತ್ರಕ್ಕೆ ಯೋಗ್ಯವೆಂಬುದನ್ನು ನಮ್ಮವರೇ ಆದ ಟಿ. ಎಸ್. ಸತ್ಯನ್ (1923–2009) ಚೆನ್ನಾಗಿ ತೋರಿಸಿಕೊಟ್ಟರು. ಮೈಸೂರಿನವರಾದ ಅವರು ಪತ್ರಿಕಾ ಛಾಯಾಗ್ರಾಹಕರು. 1977ರಲ್ಲಿ ಪದ್ಮಶ್ರೀ ಗೌರವ ಪಡೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಭಾರತದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡುವು. ವೃತ್ತಿಯವರಿಗೆ ಸಾಧ್ಯವಾದುದು ಹವ್ಯಾಸಿಗೂ ತಕ್ಕಮಟ್ಟಿಗೆ ಸಾಧ್ಯ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಒಂದು ಪಕ್ಕದಲ್ಲಿ ಹಿಂದೆ ಮರದ ನೆರಳೂ ಕಾಗದದ ಹೂವಿನ ಚಪ್ಪರವೂ ಇದ್ದ ಕಾಲುದಾರಿಯಿತ್ತು. 2011ರ ಅಕ್ಟೋಬರ್ 20ರಂದು ಆ ರಸ್ತೆಯವರೆಗೆ ಮೆಟ್ರೋ ರೈಲು ಬಂದಿತು. ಅದರ ಕಾಮಗಾರಿಗಾಗಿ ಆ ಕಾಲುದಾರಿ ಹೋಯಿತು. ರೈಲು ಬೇಕಾದುದೇ. ಆದರೆ ಆ ನೆರಳಿನಲ್ಲಿ ನಡೆದವರು ತೆಗೆದ ಸಣ್ಣಪುಟ್ಟ ಚಿತ್ರಗಳು ಇಂದು ನಗರದ ದಾಖಲೆಗಳಾಗಿವೆ. ಆದುದರಿಂದ ತೆಗೆದ ಪ್ರತಿಯೊಂದು ಚಿತ್ರಕ್ಕೂ ಊರು, ಬೀದಿ, ದಿನಾಂಕಗಳನ್ನು ಬರೆದಿಡುವುದು ಹವ್ಯಾಸಿಯ ಮೊದಲ ಹೊಣೆ. ಹೆಸರಿಲ್ಲದ ಚಿತ್ರ ವಿಳಾಸವಿಲ್ಲದ ಕಾಗದದಂತೆ, ಯಾರಿಗೂ ತಲುಪುವುದಿಲ್ಲ.

ಎರಡನೆಯ ಹೊಣೆ ಇದಕ್ಕಿಂತ ದೊಡ್ಡದು. ಅಮೆರಿಕದ ಷಿಕಾಗೋ ನಗರದಲ್ಲಿ ವಿವಿಯನ್ ಮಾಯರ್ (1926–2009) ಎಂಬ ಮಹಿಳೆ ಹಲವು ದಶಕಗಳ ಕಾಲ ಪರರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದಳು. ಬಿಡುವಿನ ವೇಳೆಯಲ್ಲಿ ಕ್ಯಾಮರಾವನ್ನು ಕೊರಳಿಗೆ ತೂಗಿಕೊಂಡು ಬೀದಿ ಸುತ್ತಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಳು. ಅವನ್ನು ಹೆಚ್ಚುಕಡಮೆ ಯಾರಿಗೂ ತೋರಿಸಲಿಲ್ಲ. ಅವಳು ಸಾಮಾನು ಇರಿಸಿದ್ದ ಉಗ್ರಾಣದ ಬಾಡಿಗೆ ಬಾಕಿಯಾಗಿ 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಾದುವು. ಅವಳು ತೀರಿಕೊಂಡ ಮೇಲೆ ಆ ಚಿತ್ರಗಳು ಲೋಕಪ್ರಸಿದ್ಧವಾದುವು. ಅವನ್ನು ನೋಡಿ ನಾವು ಸಂತೋಷಪಡುತ್ತೇವೆ, ಪಡಬೇಕಾದುದೇ. ಆದರೂ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ. ಬಚ್ಚಿಟ್ಟುಕೊಂಡಿದ್ದುದನ್ನು ಲೋಕಕ್ಕೆ ತೋರಿಸಬಹುದೇ ಎಂದು ಅವಳನ್ನು ಕೇಳಿದವರಿಲ್ಲ. ಬೀದಿಯ ಜನರನ್ನು ಚಿತ್ರಕ್ಕೆ ತಂದವಳು ಕೊನೆಗೆ ತಾನೇ ಕೇಳದೆ ತೆಗೆದ ಚಿತ್ರದಂತಾದಳು.

ಕೇಳುವುದು ಏಕೆ ಮುಖ್ಯ? “ಬೀದಿ ಎಲ್ಲರದು, ಕಣ್ಣಿಗೆ ಬಿದ್ದುದನ್ನು ನೋಡಲು ಅಪ್ಪಣೆ ಬೇಕೆ?” ಎಂದು ಕೆಲವರು ವಾದಿಸುತ್ತಾರೆ. ನೋಡಲು ಬೇಕಿಲ್ಲ, ನಿಜ. ಆದರೆ ನೋಟ ಆ ಗಳಿಗೆಗೆ ಮುಗಿಯುತ್ತದೆ. ಚಿತ್ರ ಉಳಿಯುತ್ತದೆ, ಸಂಚರಿಸುತ್ತದೆ. ಹಿಂದೆ ಪೆಟ್ಟಿಗೆ ಕ್ಯಾಮರಾದ ಒಂದು ಸುರುಳಿಯಲ್ಲಿ ಹನ್ನೆರಡು ಚಿತ್ರಗಳಿದ್ದರೆ ಹೆಚ್ಚು. ಗುಂಡಿ ಒತ್ತುವ ಮೊದಲು ಕೈ ತಾನಾಗಿಯೇ ತಡೆಯುತ್ತಿತ್ತು. ಈಗ ಕ್ಯಾಮರಾ ಪ್ರತಿಯೊಬ್ಬರ ದೂರವಾಣಿಯಲ್ಲಿದೆ. ಲೆಕ್ಕವಿಲ್ಲದಷ್ಟು ಚಿತ್ರ ತೆಗೆಯಬಹುದು. ತೆಗೆದ ಕ್ಷಣದಲ್ಲಿಯೇ ಸಾವಿರ ಜನರಿಗೆ ಕಳುಹಿಸಬಹುದು. ಸಂತೆಯಲ್ಲಿ ಜಾರಿಬಿದ್ದ ಮುದುಕ, ತರಗತಿಯಲ್ಲಿ ಅತ್ತ ಹುಡುಗಿ, ಅಪಘಾತದಲ್ಲಿ ಗಾಯಗೊಂಡವನು, ಇವರೆಲ್ಲರೂ ತಮಗೆ ತಿಳಿಯದಂತೆಯೇ ಪರರ ನಗೆಗೋ ಕುತೂಹಲಕ್ಕೋ ತುತ್ತಾಗುತ್ತಾರೆ. ಎತ್ತಿ ನಿಲ್ಲಿಸಬೇಕಾದ ಕೈ ಚಿತ್ರ ತೆಗೆಯುವುದರಲ್ಲಿ ತೊಡಗಿದರೆ ಅದನ್ನು ಹವ್ಯಾಸವೆನ್ನಲಾಗದು.

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದು ಛಾಯಾಚಿತ್ರವನ್ನು ಕುರಿತ ಮೊಕದ್ದಮೆಯಲ್ಲ. ಆದರೂ ಬಡವನಾಗಲಿ ಬಲ್ಲಿದನಾಗಲಿ, ತನ್ನ ಬಾಳಿನಲ್ಲಿ ಪರರು ಎಷ್ಟು ಇಣುಕಬಹುದೆಂಬುದರಲ್ಲಿ ಅವನ ಮಾತಿಗೂ ಬೆಲೆಯುಂಟೆಂಬ ತತ್ತ್ವವನ್ನು ಅದು ನೆಲೆಗೊಳಿಸಿತು. ಬಂಗಲೆಯ ಒಡೆಯನಿಗೆ ಗೋಡೆಯಿದೆ, ಕಾವಲಿದೆ. ಬೀದಿಯಲ್ಲಿಯೇ ಉಂಡು ಬೀದಿಯಲ್ಲಿಯೇ ಮಲಗುವವನಿಗೆ ನಮ್ಮ ಸೌಜನ್ಯವೊಂದೇ ಗೋಡೆ.

“ಮೊದಲೇ ಕೇಳಿದರೆ ಮುಖ ಬಿಗಿಯುತ್ತದೆ, ಚಿತ್ರದ ಸಹಜತೆ ಹಾಳಾಗುತ್ತದೆ” ಎಂಬ ಇನ್ನೊಂದು ವಾದವಿದೆ. ಕಂಬದಂತೆ ನಿಂತ ಅಂಗಡಿಯವನನ್ನು ಕಂಡಿರುವ ನಾನು ಇದನ್ನು ಅಲ್ಲಗಳೆಯಲಾರೆ. ಇದಕ್ಕೂ ಉಪಾಯವುಂಟು. ಸಂತೆ, ಮೆರವಣಿಗೆ, ಪರಿಷೆಗಳ ಜನಸಮೂಹವನ್ನು ತೆಗೆಯುವಾಗ ಒಬ್ಬೊಬ್ಬರನ್ನೂ ಕೇಳಬೇಕಾಗಿಲ್ಲ. ಅನ್ಯಾಯವೊಂದನ್ನು ಬಯಲಿಗೆಳೆಯಲು ತೆಗೆದ ಚಿತ್ರದ ಮಾತೂ ಬೇರೆ. ಆದರೆ ಒಂದೇ ಮುಖ ಚೌಕಟ್ಟನ್ನು ತುಂಬುವಾಗ, ಮೊದಲು ಕೇಳಲಾಗದಿದ್ದರೆ ಆಮೇಲಾದರೂ ಹತ್ತಿರ ಹೋಗಿ ಚಿತ್ರವನ್ನು ತೋರಿಸಬೇಕು. ಬೇಡವೆಂದರೆ ಅಲ್ಲಿಯೇ ಅಳಿಸಬೇಕು. ಸರಿಯೆಂದರೆ ಒಂದು ಪ್ರತಿಯನ್ನು ತಲುಪಿಸಬೇಕು. ಹೀಗೆ ಮಾಡುವುದರಿಂದ ಕೆಲವು ಒಳ್ಳೆಯ ಚಿತ್ರಗಳು ಕೈತಪ್ಪುತ್ತವೆ. ತಪ್ಪಲಿ, ಒಂದು ಚಿತ್ರಕ್ಕಿಂತ ಒಂದು ಮುಖ ದೊಡ್ಡದು.

ಮೂರನೆಯ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ಮಾರುಕಟ್ಟೆಯ ಹೂವಾಡಗಿತ್ತಿ ಅಜ್ಜಿಯೊಬ್ಬರಿದ್ದರು. ಮರುವಾರ ಅಚ್ಚು ಹಾಕಿಸಿದ ಪಟವನ್ನು ಕೊಟ್ಟೆ. ಸೇವಂತಿಗೆಯ ಹಳದಿ ಚೆನ್ನಾಗಿ ಬಂದಿದೆಯೆಂಬುದು ನನ್ನ ಹೆಮ್ಮೆ. ಅವರು ಹೂವಿನತ್ತ ನೋಡಲೇ ಇಲ್ಲ. ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ದಿಟ್ಟಿಸಿ, “ಥೇಟ್ ನಮ್ಮವ್ವನ ಹಂಗೇ ಆಗಿದೀನಿ ನೋಡಪ್ಪ. ಅವಳದೊಂದು ಪಟಾನೂ ಇಲ್ಲ ನಮ್ಮನೇಲಿ” ಎಂದರು. ನಾನು ಹೂವನ್ನು ಕಂಡಿದ್ದ ಚಿತ್ರದಲ್ಲಿ ಅವರು ತಾಯಿಯನ್ನು ಕಂಡರು. ಆ ಚಿತ್ರದಲ್ಲಿ ಏನಿದೆಯೆಂಬುದು ನನಗೆ ತಿಳಿದದ್ದು ಅದನ್ನು ಅವರ ಕೈಗಿತ್ತ ಮೇಲೆ.

ಕನ್ನಡದಲ್ಲಿ ನಾವು ಚಿತ್ರವನ್ನು ‘ತೆಗೆಯುತ್ತೇವೆ’, ‘ಹಿಡಿಯುತ್ತೇವೆ’; ಮಾತಿನ ಭರದಲ್ಲಿ ‘ಹೊಡೆಯುತ್ತೇವೆ’ ಎಂದೂ ಹೇಳುತ್ತೇವೆ. ಮೂರು ಮಾತಿನಲ್ಲಿಯೂ ಕೈಯ ಬಲವಿದೆ. ಒಳ್ಳೆಯ ಹವ್ಯಾಸಿ ಇವುಗಳೊಡನೆ ‘ಪಡೆಯುವುದು’ ಎಂಬ ನಾಲ್ಕನೆಯ ಮಾತನ್ನೂ ಕಲಿಯಬೇಕು. ಪಡೆಯುವುದಕ್ಕೆ ಕೊಡುವವರೊಬ್ಬರು ಬೇಕು, ಅವರು ಕೊಡಲೊಪ್ಪಬೇಕು. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂದು ಚಿತ್ರ ತೆಗೆಯುವ ಸಾಧನವಿದೆ. ಅದನ್ನು ಹಿಡಿದು ಧಾರಾಳವಾಗಿ ಬೀದಿಗೆ ಹೋಗಿ. ಬೆಳಕಿಗಾಗಿ ಕಾಯಿರಿ, ನಿಮ್ಮ ಊರಿನ ಕಟ್ಟೆ, ಕೆರೆ, ಅಂಗಡಿಸಾಲುಗಳನ್ನು ದಿನಾಂಕದೊಡನೆ ದಾಖಲಿಸಿರಿ. ಮುಖವೊಂದು ಎದುರಾದಾಗ ಮಾತ್ರ ಗುಂಡಿಯ ಮೇಲಿನ ಬೆರಳನ್ನು ಒಂದು ಗಳಿಗೆ ತಡೆದು, ಆ ಮುಖದವರನ್ನು ಒಂದು ಮಾತು ಕೇಳಿರಿ.