ಎಣ್ಣೆ ಬಿಡಬೇಡಿ ಮಾರಾಯ್ರೇ, ಮೊದಲು ತೊಳೀರಿ!

ಕನ್ನಡದಲ್ಲಿ ದೋಣಿ ಅಂದ್ರೆ ರೂಪಕ. ಬದುಕು ದೋಣಿ, ಸಂಸಾರ ದೋಣಿ, ಮಳೆಗಾಲ ಬಂದ್ರೆ ಕಾಗದದ ದೋಣಿ. ನಾವು ಬ್ಲಾಗಿಗರು ಇಲ್ಲಿಯವರೆಗೆ ತೇಲಿಬಿಟ್ಟ ಕಾಗದದ ದೋಣಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ರೆ ಲಿಂಗನಮಕ್ಕಿ ಹಿನ್ನೀರನ್ನ ನಡೆದೇ ದಾಟಬಹುದೇನೋ! ಆದ್ರೆ ನಿಜವಾದ ದೋಣಿಯ ರಾಟೆ ಕಚ್ಚಿಕೊಂಡು ನಿಂತರೆ ಏನು ಮಾಡಬೇಕು ಅಂತ ಒಂದು ಸಾಲಾದ್ರೂ ಬರೆದವರು ಎಷ್ಟು ಜನ? ಅದಕ್ಕೇ ಈ ಬರಹ. ಅರ್ಧ ಜಗಳ, ಅರ್ಧ ರಿಪೇರಿ.

ಹೆಗ್ಗೋಡು ಅಂದ ಕೂಡಲೇ ಎಲ್ಲರಿಗೂ ನೀನಾಸಂ ನೆನಪಾಗುತ್ತೆ, ಆಗಲಿ. ಆದ್ರೆ ನಮ್ಮ ಸಾಗರ ತಾಲ್ಲೂಕಿಗೆ ಇನ್ನೊಂದು ಮುಖವೂ ಇದೆ, ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಊರು, ಗದ್ದೆ, ಕಾಡು ಎಲ್ಲ ನೀರಿನಡಿ ಹೋದವು. ಆ ನೀರಿನ ಮೇಲೆ ಗೆಳೆಯರ ಒಂದು ಪುಟ್ಟ ಹಾಯಿದೋಣಿ ಇದೆ, ಡಿಂಗಿ ಅಂತಾರಲ್ಲ, ಅದು. ಲೇಸರ್ ಅನ್ನೋ ಜಾತಿಯದ್ದಾದ್ರೆ ಉದ್ದ 4.23 ಮೀಟರ್, ಬರೀ ಒಡಲಿನ ತೂಕ 59 ಕೆ.ಜಿ. ಮಕ್ಕಳ ಆಪ್ಟಿಮಿಸ್ಟ್ ಇನ್ನೂ ಚಿಕ್ಕದು, 2.3 ಮೀಟರ್, 35 ಕೆ.ಜಿ. ಎಂಜಿನ್ ಇಲ್ಲ, ಬ್ರೇಕ್ ಇಲ್ಲ. ಅಂಗೈಯಗಲದ ಹತ್ತಿಪ್ಪತ್ತು ಸಾಮಾನು ಸಲೀಸಾಗಿ ತಿರುಗಿದ್ರೆ ದೋಣಿ, ಇಲ್ಲದಿದ್ರೆ ಬಾನಿ.

ಮತ್ತೆ, ಯಾವುದೇ ಸಾಮಾನು ಬಿಗಿಯಾದ್ರೂ ನಮ್ಮವರ ಬಾಯಲ್ಲಿ ಬರೋದು ಒಂದೇ ಮಂತ್ರ: "ಸ್ವಲ್ಪ ಎಣ್ಣೆ ಬಿಡು."

ನನ್ನ ಮೊದಲ ಜಗಳ ಈ ಎಣ್ಣೆ ಪಂಥದ ಜೊತೆ. ತೆಂಗಿನೆಣ್ಣೆ, ಹರಳೆಣ್ಣೆ, ಗಾಡಿಯ ಹಳೇ ಆಯಿಲ್, ಗ್ರೀಸು... ಕೈಗೆ ಸಿಕ್ಕಿದ್ದು ಬಿಡೋದು. ಹತ್ತು ನಿಮಿಷ ರಾಟೆ ಗಿರ್ರನೆ ತಿರುಗುತ್ತೆ, ಎಲ್ಲರಿಗೂ ಖುಷಿ. ಆಮೇಲೆ? ನಮ್ಮದು ಕೆಮ್ಮಣ್ಣಿನ ನಾಡು ಸ್ವಾಮಿ. ದಡಕ್ಕೆ ದೋಣಿ ಎಳೆದರೆ ಸಾಕು, ಆ ನುಣುಪು ಕೆಂಪು ಹುಡಿ ಎಣ್ಣೆಗೆ ಅಂಟಿಕೊಳ್ಳುತ್ತೆ. ಎಣ್ಣೆ ಮತ್ತು ಮಣ್ಣು ಸೇರಿದ್ರೆ ಆಗೋದು ಉಜ್ಜುವ ಪೇಸ್ಟು. ಹದಿನೈದು ದಿನಕ್ಕೆ ರಾಟೆ ಮೊದಲಿಗಿಂತ ಬಿಗಿ. ಆಗ ಮತ್ತೆ ಎಣ್ಣೆ! ಡಬ್ಲ್ಯುಡಿ-40 ಡಬ್ಬಿ ಹಿಡಿದು ಬರೋರಿಗೂ ಒಂದು ಮಾತು. ಅದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವ ನಲವತ್ತನೇ ಪ್ರಯತ್ನ ಅಂತ. ಅಂಟು ಬಿಡಿಸೋಕೆ, ತೇವ ಓಡಿಸೋಕೆ ಒಳ್ಳೇದು, ಬಹುಕಾಲ ಉಳಿಯೋ ಜಾರಿಕೆಗೆ ಅದನ್ನ ನಂಬಿ ಕೂರಬೇಡಿ.

ಈಗಿನ ಡಿಂಗಿಯ ರಾಟೆಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಗುಂಡುಗಳ ಮೇಲೆ ತಿರುಗುತ್ತವೆ. ಅವು ಕೇಳೋದು ಸಿಹಿನೀರು, ಅಷ್ಟೇ. ರಾಟೆಯನ್ನ ಬೆರಳಲ್ಲಿ ತಿರುಗಿಸ್ತಾ ನೀರು ಹಾಯಿಸಿ. ಇನ್ನೂ ಕರಕರ ಅಂದ್ರೆ ಬಟ್ಟೆ ಸೋಪಿನ ಪುಡಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜೋ ಬ್ರಶ್ಶಿನಿಂದ ತಿಕ್ಕಿ, ನೆರಳಲ್ಲಿ ಒಣಗಿಸಿ. ಹತ್ತರಲ್ಲಿ ಎಂಟು ರಾಟೆ ಇಷ್ಟಕ್ಕೇ ಸರಿಯಾಗುತ್ತೆ. ಇದೇನು ಹೊಸ ವಿದ್ಯೆಯಲ್ಲ. ಅಡಿಕೆಗೆ ಔಷಧಿ ಹೊಡೆದ ಸಂಜೆ ಪಂಪನ್ನ ಏನು ಮಾಡ್ತೀವಿ? ಮೈಲುತುತ್ತ, ಸುಣ್ಣ ಗಟ್ಟಿಯಾಗೋ ಮೊದಲೇ ತೊಳೀತೀವಿ. ನಾಜಲ್ಲಿಗೆ ಕೊಬ್ಬರಿ ಎಣ್ಣೆ ಬಿಡೋ ಪುಣ್ಯಾತ್ಮನನ್ನ ನಾನಿನ್ನೂ ನೋಡಿಲ್ಲ. ತೋಟದಲ್ಲಿರೋ ಬುದ್ಧಿ ದೋಣಿ ಹತ್ತಿರ ಬಂದ ಕೂಡಲೇ ಎಲ್ಲಿಗೆ ಹೋಗುತ್ತೆ?

ಎರಡನೇ ಜಗಳ ಪುಸ್ತಕ ಪಂಡಿತರ ಜೊತೆ. ಇಂಗ್ಲಿಷ್ ಪುಸ್ತಕ ತೆರೆದರೆ ಪುಟಪುಟಕ್ಕೂ ಉಪ್ಪು, ಉಪ್ಪು. ಸಮುದ್ರದವರಿಗೆ ಅದು ಸರಿ. ನಮ್ಮ ಹಿನ್ನೀರಲ್ಲಿ ಉಪ್ಪೆಲ್ಲಿದೆ? ಇಲ್ಲಿನ ಶತ್ರುಗಳು ಬೇರೆ. ಒಂದು, ಹೇಳಿದೆನಲ್ಲ, ಕೆಮ್ಮಣ್ಣು. ಎರಡು, ಮಣ್ಣಿನ ಗೂಡು ಕಟ್ಟೋ ಕಣಜ. ಎರಡು ವಾರ ದೋಣಿ ಸುಮ್ಮನಿದ್ರೆ ಸಾಕು, ಕೊಳವೆ, ತೂತು, ಸಂದು ಎಲ್ಲಾ ಕಡೆ ಮನೆ ಕಟ್ಟಿಬಿಡುತ್ತೆ. ಹಗ್ಗ ಓಡೋಲ್ಲ, ನೀರು ಇಳಿಯೋಲ್ಲ. ಮೂರು, ಮಲೆನಾಡಿನ ತೇವ. ಆಷಾಢದಲ್ಲಿ ನಮ್ಮನೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳಲ್ವಾ, ಹಾಗೇ ದೋಣಿಯ ನಡುಹಲಗೆ ಮರದ್ದಾದ್ರೆ ತನ್ನ ಗೂಡಿನಲ್ಲೇ ಉಬ್ಬಿ ನಿಲ್ಲುತ್ತೆ. ಕೂಡಲೇ ಉಜ್ಜುಗೊರಡು ಹಿಡಿದು ಬರೋ ಮಹಾಶಯರೇ, ನಿಲ್ಲಿ! ಮಳೆಯಲ್ಲಿ ಕೆತ್ತಿದ್ದು ಬೇಸಿಗೆಯಲ್ಲಿ ಗಡಗಡ ಅಲ್ಲಾಡುತ್ತೆ. ಸದ್ಯಕ್ಕೆ ಮೇಣದಬತ್ತಿ ಉಜ್ಜಿ ಕೆಲಸ ಸಾಗಿಸಿ. ಬೇಸಿಗೆಯಲ್ಲಿ ಪೂರ್ತಿ ಒಣಗಿಸಿ, ಅಂಚಿಗೆ ಎಪಾಕ್ಸಿ ಬಳಿದು ನೀರು ಹೀರದ ಹಾಗೆ ಮಾಡಿ.

ನೈಲಾನಿಗೂ ಇದೇ ಚಾಳಿ, ನೀರು ಕುಡಿದು ಉಬ್ಬುತ್ತೆ. ಬಿಸಿಲಲ್ಲಿ ಸಲೀಸು, ನೀರಿಗಿಳಿದ ಮೇಲೆ ಬಿಗಿ ಅನ್ನೋ ಸಾಮಾನು ಕಂಡ್ರೆ ಒಳಗಿನ ನೈಲಾನ್ ಬುಶ್ಶಿನ ಮೇಲೆ ಅನುಮಾನ ಪಡಿ. ಡ್ರಮ್ಮುಗಟ್ಟಲೆ ಎಣ್ಣೆ ಹೊಯ್ದರೂ ಅದು ಜಗ್ಗೋಲ್ಲ. ತೂತನ್ನ ಕೂದಲೆಳೆಯಷ್ಟು ಅಗಲ ಮಾಡಬೇಕು, ಇಲ್ಲಾ ನೀರು ಅಷ್ಟಾಗಿ ಹೀರದ ಅಸಿಟಾಲ್ ಬುಶ್ ಹಾಕಬೇಕು.

ಮೂರನೇ ಜಗಳ ಸುತ್ತಿಗೆ ಪಂಥದ ಜೊತೆ. ಕೂವೆಮರ, ಅಂದ್ರೆ ಮಾಸ್ಟು, ಅಲ್ಯುಮಿನಿಯಂ. ಅದರೊಳಗೆ ಸ್ಟೀಲ್ ಸ್ಕ್ರೂ. ಎರಡು ಬೇರೆ ಜಾತಿಯ ಲೋಹ ತೇವದಲ್ಲಿ ಸೇರಿದ್ರೆ ಸವೆಯೋದು ಅಲ್ಯುಮಿನಿಯಂ. ಆ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ತಿನ್ನುತ್ತೆ, ಸ್ಕ್ರೂವನ್ನ ಕಚ್ಚಿ ಹಿಡಿಯುತ್ತೆ. ಎಣ್ಣೆಗೆ ನಿಜವಾಗಿ ಜಾಗ ಇರೋದು ಇಲ್ಲಿ, ಅದೂ ಸಂದಿಗೆ ಇಳಿಯೋ ತೆಳು ಎಣ್ಣೆಗೆ. ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಾಸ್ಟಿನ ಮೇಲೆ ಕುದಿನೀರು ಹೊಯ್ಯಿರಿ. ಬಿಸಿಗೆ ಅಲ್ಯುಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ. ತಲೆಗೆ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಇಟ್ಟು, ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಬಿಚ್ಚಿ. ವಾಪಸ್ ಹಾಕುವಾಗ ಕಚ್ಚದಂತೆ ತಡೆಯೋ ಪೇಸ್ಟ್ ಸವರಿ. ಸುತ್ತಿಗೆಯಲ್ಲಿ ಬಡಿದರೆ ಸ್ಕ್ರೂ ತಲೆ ಹೋಗುತ್ತೆ, ಆಮೇಲೆ ನಿಮ್ಮ ತಲೆ.

"ಇಷ್ಟೆಲ್ಲ ಯಾಕೆ, ಹೊಸದು ತಗೊಳ್ಳಿ" ಅನ್ನೋರಿದ್ದಾರೆ, ಅವರದು ನಾಲ್ಕನೇ ಪಂಥ. ಹಲ್ಲು ಸವೆದ ಹಿಡಿಕೆ, ಅಚ್ಚು ತಿಂದುಹೋದ ರಾಟೆ ಬದಲಾಯಿಸಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದ್ರೆ ಬಿಗಿಯಾದದ್ದೆಲ್ಲ ಕೆಟ್ಟದ್ದಲ್ಲ. ಹಗ್ಗ ಕಚ್ಚೋ ಕ್ಯಾಮ್ ಕ್ಲೀಟಿನ ದವಡೆ ಮುಚ್ಚಿಕೊಳ್ತಾ ಇಲ್ಲ ಅಂದ್ರೆ ಎಷ್ಟೋ ಸಲ ಕಾರಣ ಯಾರೋ ಸ್ಕ್ರೂವನ್ನ ಅತಿಯಾಗಿ ಬಿಗಿದಿರೋದು. ಕಾಲು ಸುತ್ತು ಸಡಿಲಿಸಿ ನೋಡಿ. ಖರ್ಚು ಸೊನ್ನೆ. ಬಿಚ್ಚೋದಾದ್ರೆ ಮಾತ್ರ ಬಟ್ಟೆ ಹಾಸಿಕೊಂಡು ಬಿಚ್ಚಿ, ಒಳಗಿನ ಸ್ಪ್ರಿಂಗ್ ಹಾರಿ ಹುಲ್ಲು ಸೇರಿದ್ರೆ ಬ್ರಹ್ಮನಿಗೂ ಸಿಗೋಲ್ಲ :)

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೂಗಾಟ ಯಾಕೆ ಅಂತೀರಾ? ಹಾಯಿಯ ಹಗ್ಗ ಕ್ಲೀಟಿನಲ್ಲಿ ಕಚ್ಚಿ ಕೂತಿದೆ, ಗುಡ್ಡದ ಸಂದಿಯಿಂದ ಒಮ್ಮೆಲೇ ಗಾಳಿ ನುಗ್ಗಿತು ಅಂದ್ಕೊಳ್ಳಿ. ಹಗ್ಗ ತಕ್ಷಣ ಬಿಟ್ಟರೆ ಹಾಯಿ ಪಟಪಟ ಬಡಿದು ದೋಣಿ ನೆಟ್ಟಗಾಗುತ್ತೆ. ಬಿಡದಿದ್ರೆ ದೋಣಿ ಮಗುಚುತ್ತೆ, ಲೈಫ್ ಜಾಕೆಟ್ ಇಲ್ಲದವನ ಕಥೆ ಅಲ್ಲಿಗೇ ಮುಗೀಬಹುದು. ಇನ್ನು ಚುಕ್ಕಾಣಿ. ನಮ್ಮ ಹಿನ್ನೀರಿನಡಿ ಮುಳುಗಿದ ಕಾಡಿನ ಬೊಡ್ಡೆಗಳಿವೆ. ಬೇಸಿಗೆಗೆ ನೀರಿಳಿದಾಗ ಅವು ಗೇಣು ಆಳದಲ್ಲಿ ಕಾಯ್ತಿರುತ್ತವೆ. ಬೊಡ್ಡೆ ತಾಗಿದ್ರೆ ಚುಕ್ಕಾಣಿಯ ಹಲಗೆ ತಾನಾಗಿ ಮೇಲೆ ಮಡಚಿಕೊಳ್ಳಬೇಕು. ಅದರ ಬೋಲ್ಟು ಮಣ್ಣು ಕಚ್ಚಿ ಬಿಗಿಯಾಗಿದ್ರೆ ಮುರಿಯೋದು ದೋಣಿಯ ಹಿಂಬದಿ. ಅದಕ್ಕೇ ಆ ಬೋಲ್ಟನ್ನ ಕೈಯಲ್ಲಿ ತಳ್ಳಿದ್ರೆ ಹಲಗೆ ಏಳೋ ಅಷ್ಟೇ ಬಿಗೀಬೇಕು, ನೀರಿಗಿಳಿಯೋ ಪ್ರತಿ ಸಲ ನೋಡಬೇಕು.

"ಇದೆಲ್ಲ ಶ್ರೀಮಂತರ ಆಟ, ನಮಗೇಕೆ" ಅನ್ನೋ ಮಾತೂ ಕೇಳಿದ್ದೀನಿ. ಬಾವಿ ಗಡಗಡೆಯೂ ರಾಟೆಯೇ ತಾನೇ? ತೊಳೆದು, ಬಿಚ್ಚಿ, ಕಾರಣ ಹುಡುಕೋ ಗುಣ ಯಾವ ಶ್ರೀಮಂತರ ಸ್ವತ್ತೂ ಅಲ್ಲ. ನಮ್ಮೂರಿನ ಪ್ರಸನ್ನ 'ಯಂತ್ರಗಳನ್ನು ಕಳಚೋಣ ಬನ್ನಿ' ಅಂತ ಪುಸ್ತಕವನ್ನೇ ಬರೆದರು. ಅವರು ಹೇಳೋ ಕಳಚುವಿಕೆ ಬೇರೆ, ದೊಡ್ಡದು. ನಾನು ಅಕ್ಷರಶಃ ಕಳಚಿ ಅಂತಿದ್ದೀನಿ, ಸ್ಕ್ರೂಡ್ರೈವರ್ ತಗೊಂಡು!

2025ರ ಜುಲೈ 14ಕ್ಕೆ ಸಿಗಂದೂರಿನ ಸೇತುವೆ ಉದ್ಘಾಟನೆ ಆಯ್ತು, ಎರಡು ಕಿಲೋಮೀಟರಿಗೂ ಉದ್ದ. ಮುಳುಗಡೆಯ ಜನ ದಶಕಗಟ್ಟಲೆ ಕಾದದ್ದು, ಬರಲೇಬೇಕಿತ್ತು. ಲಾಂಚಿಗಾಗಿ ದಡದಲ್ಲಿ ರೋಗಿಯನ್ನ ಇಟ್ಟುಕೊಂಡು ಕಾದವರ ಎದುರು ಲಾಂಚಿನ ಸೊಬಗು ಹಾಡೋದು ಕ್ರೌರ್ಯ. ಆದ್ರೆ ಒಂದು ಆತಂಕ ಇದೆ. ಇನ್ಮೇಲೆ ಈ ನೀರು ನಮಗೆ ಕಾರಿನ ಕಿಟಕಿಯಿಂದ ಕಾಣೋ ಚಿತ್ರ ಆಗಿಬಿಡುತ್ತೆ. ಗಾಳಿ ಯಾವ ಕಡೆಯಿಂದ, ಬೊಡ್ಡೆ ಎಲ್ಲಿ, ಹಗ್ಗ ಯಾವ ಗಂಟಿಗೆ ಬಿಚ್ಚುತ್ತೆ ಅನ್ನೋದು ಕೈಗಳಿಂದ ಜಾರಿಹೋಗುತ್ತೆ. ಉಳಿಯೋದು ರೂಪಕ ಮಾತ್ರ. ಅದು ನಮ್ಮಲ್ಲಿ ಬೇಕಾದಷ್ಟಿದೆ.

ಹಾಗಾಗಿ ಬ್ಲಾಗಿಗ ಮಿತ್ರರೇ, ಮುಂದಿನ ಕಾಗದದ ದೋಣಿ ಮಡಚೋ ಮೊದಲು ನಿಮ್ಮ ಮನೆಯಲ್ಲಿ ಕಚ್ಚಿಕೊಂಡಿರೋ ಒಂದು ಸಾಮಾನು, ಹೊಲಿಗೆ ಮೆಷಿನ್ನೋ, ಪಂಪೋ, ಕಿಟಕಿ ಚಿಲಕವೋ, ಬಿಚ್ಚಿ ತೊಳೆದು ಸರಿಮಾಡಿ. ಹೇಗೆ ಮಾಡಿದಿರಿ ಅಂತ ಕನ್ನಡದಲ್ಲಿ ಬರೀರಿ. ಎಣ್ಣೆ ಪಂಥದವರು ಬೈಯೋದಿದ್ರೆ ಧಾರಾಳವಾಗಿ ಬೈಯಿರಿ, ರಾಟೆ ತೊಳೆದು ನೋಡಿದ ಮೇಲೆ ಮಾತ್ರ.